ಕನಿಕರವನ್ನು ಪಾಠವಾಗಿ ಕಲಿಸಬಹುದೋ?

ನಮ್ಮ ದೇಶದ ವೈದ್ಯ ಕಾಲೇಜುಗಳಲ್ಲಿ 2019ನೇ ಇಸವಿಯಿಂದ ಒಂದು ಹೊಸ ಪಾಠವು ಸೇರಿರುತ್ತದೆ. ಎಲುಬು, ನರ, ರಕ್ತ, ಔಷಧಿ ಇವುಗಳ ಪಾಠಗಳು ಮೊದಲಿನಿಂದಲೂ ಇದ್ದವು. ಈಗ ಅವುಗಳ ಸಂಗಡ, ರೋಗಸ್ಥನೊಂದಿಗೆ ಹೇಗೆ ಮಾತಾಡಬೇಕು, ಅವನ ಮಾತನ್ನು ಹೇಗೆ ಕೇಳಬೇಕು, ದುಃಖದ ಸುದ್ದಿಯನ್ನು ಹೇಗೆ ತಿಳಿಸಬೇಕು ಎಂಬದನ್ನೂ ಎಂ.ಬಿ.ಬಿ.ಎಸ್. ಓದುವ ಪ್ರತಿಯೊಬ್ಬನು ಕ್ರಮವಾಗಿ ಕಲಿಯಬೇಕಾಗಿದೆ. ಆಗಿನ ಭಾರತೀಯ ವೈದ್ಯ ಪರಿಷತ್ತು ಇದಕ್ಕೋಸ್ಕರ 2018ರಲ್ಲಿ 27 ಪಾಠಗಳುಳ್ಳ ಒಂದು ಪುಸ್ತಕವನ್ನು ಸಿದ್ಧಮಾಡಿತು. ವೈದ್ಯನಾಗುವದೆಂದರೇನು ಎಂಬದು ಅದರ ಮೊದಲನೆಯ ಪಾಠ. ರೋಗಿಯಾಗುವದೆಂದರೇನು ಎಂಬದು ಎರಡನೆಯದು. 2020ರಲ್ಲಿ ಆ ಪರಿಷತ್ತು ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬಂದ ಮೇಲೆಯೂ ಈ ಪಾಠವು ನಿಲ್ಲಲಿಲ್ಲ.

ಇದನ್ನು ಕೇಳಿ ನಗುವವರು ಇದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆಯನ್ನು ಅವರು ಮುಂದಿಡುತ್ತಾರೆ. ಮೃದುವಾದ ಮನಸ್ಸುಳ್ಳವನು ಪಾಠವಿಲ್ಲದೆ ಮೃದುವಾಗಿ ಮಾತಾಡುವನು; ಕಠಿಣನಿಗೆ ನೂರು ಪಾಠ ಹೇಳಿದರೂ ಅದು ಕಲ್ಲಿನ ಮೇಲೆ ಮಳೆ ಸುರಿದಂತೆ, ಅನ್ನುತ್ತಾರೆ. ಇನ್ನು ಕೆಲವರ ಆಕ್ಷೇಪಣೆಯು ಇದಕ್ಕಿಂತ ಆಳವಾದದ್ದು. ಕನಿಕರವನ್ನು ಪಾಠಮಾಡಿ ಪರೀಕ್ಷೆಯಲ್ಲಿ ಅಂಕ ಕೊಟ್ಟರೆ ಕನಿಕರವು ಬಾರದೆ ಕನಿಕರದ ವೇಷವು ಮಾತ್ರ ಬರುವದಲ್ಲವೋ ಎಂದು ಅವರು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳಿಗೆ ಪ್ರಾರ್ಥನೆಯನ್ನೂ ಆಜ್ಞೆಗಳನ್ನೂ ಬಾಯಿಪಾಠ ಮಾಡಿಸುವ ನಮ್ಮಂಥ ಉಪದೇಶಿಗಳಿಗೂ ಇದು ತಗಲುತ್ತದೆ. ಆದಕಾರಣ ಇದನ್ನು ನಿಧಾನವಾಗಿ ವಿಚಾರಿಸುವದು ಒಳ್ಳೇದು.

ಮಾತಿನ ರೀತಿಯು ಅಲ್ಪವಾದ ವಿಷಯವೆಂದು ಎಣಿಸುವವರು ಅರಸುಗಳ ಎರಡನೆಯ ಪುಸ್ತಕದ 5ನೇ ಅಧ್ಯಾಯವನ್ನು ತೆಗೆದು ನೋಡಲಿ. ಕುಷ್ಠರೋಗಿಯಾದ ನಾಮಾನನು ದೂರ ಪ್ರಯಾಣಮಾಡಿ, ಕುದುರೆ ರಥಗಳೊಂದಿಗೆ ಎಲೀಷನ ಬಾಗಿಲಿಗೆ ಬಂದು ನಿಂತನು. ಪ್ರವಾದಿಯು ಹೊರಗೆ ಬರಲಿಲ್ಲ. ಆಳನ್ನು ಕಳುಹಿಸಿ, ಯೊರ್ದನಿನಲ್ಲಿ ಏಳು ಸಾರಿ ಸ್ನಾನಮಾಡಬೇಕೆಂದು ಹೇಳಿಸಿದನು. ಚಿಕಿತ್ಸೆಯಲ್ಲಿ ಏನೂ ದೋಷವಿರಲಿಲ್ಲ. ಆದರೂ ನಾಮಾನನು ಸಿಟ್ಟುಗೊಂಡು ಹೊರಟೇಬಿಟ್ಟನು. ಅವನ ಸೇವಕರು ಹತ್ತಿರ ಬಂದು, ಅವನನ್ನು ತಂದೆಯೆಂದು ಕರೆದು, ಅವನಿಗೆ ಒಪ್ಪುವ ಹಾಗೆ ಬಿಡಿಸಿ ಹೇಳಿದ್ದರಿಂದ ಅವನು ನೀರಿಗಿಳಿದು ಸ್ವಸ್ಥನಾದನು. ಪ್ರವಾದಿಯಲ್ಲಿ ತಪ್ಪು ಹುಡುಕುವದು ನನ್ನ ಉದ್ದೇಶವಲ್ಲ. ಆ ಗರ್ವಿಷ್ಠ ಸೇನಾಪತಿಯನ್ನು ತಗ್ಗಿಸಲಿಕ್ಕೆ ದೇವರಿಗೆ ತನ್ನದೇ ಆದ ಕಾರಣವಿತ್ತು. ಆದರೆ ಸರಿಯಾದ ಔಷಧಿಯ ಚೀಟಿಯನ್ನು ಕೈಯಲ್ಲಿ ಹಿಡಿದೇ ನಮ್ಮ ಆಸ್ಪತ್ರೆಗಳ ಬಾಗಿಲಿನಿಂದ ಹೀಗೆ ತಿರುಗಿ ಹೋಗುವವರೆಷ್ಟೋ ಮಂದಿ! ಅವರ ಹಿಂದೆ ಓಡಿಹೋಗಿ ಬಿಡಿಸಿ ಹೇಳುವ ಸೇವಕರು ಎಲ್ಲರಿಗೂ ಇರುವದಿಲ್ಲ.

ಕ್ಷಯರೋಗವನ್ನು ದೃಷ್ಟಾಂತವಾಗಿ ತಕ್ಕೊಳ್ಳೋಣ. ಸಾಧಾರಣವಾದ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆಯುಂಟು. ಮೊದಲ 2 ತಿಂಗಳು 4 ವಿಧದ ಔಷಧಿಗಳನ್ನು ಕೊಡುತ್ತಾರೆ. ಕೆಲವು ವಾರಗಳೊಳಗೆ ಕೆಮ್ಮು ಇಳಿಯುತ್ತದೆ, ಊಟ ರುಚಿಸುತ್ತದೆ, ಮೈ ತುಂಬುತ್ತದೆ. ಆಗ ಅವನು, ನಾನು ಗುಣವಾದೆನು, ಇನ್ನೇಕೆ ಈ ಗುಳಿಗೆ, ಅಂದುಕೊಂಡು ಹೊಲದ ಕೆಲಸಕ್ಕೆ ಹೋಗುತ್ತಾನೆ. ಒಳಗೆ ಉಳಿದ ರೋಗಾಣುಗಳು ಆ ಔಷಧಿಗೆ ಜಗ್ಗದ ಜಾತಿಯಾಗಿ ಬೆಳೆದರೆ ಮುಂದಿನ ಚಿಕಿತ್ಸೆಯು ಬಹು ಕಷ್ಟ. ಅಷ್ಟರಲ್ಲಿ ಮನೆಯ ಮಕ್ಕಳಿಗೂ ಅದು ತಗಲೀತು. ಡಾಕ್ಟರರು ಅವನಿಗೆ ಹೇಳಿರಲಿಲ್ಲವೋ? ಹೇಳಿದ್ದರು. ತಿಳಿಯಿತೋ ಎಂದು ಕೇಳಿಯೂ ಇದ್ದರು. ಅವನು ತಲೆಯಾಡಿಸಿ, ಹೂಂ ಸ್ವಾಮಿ, ಅಂದನು. ನಮ್ಮ ಹಳ್ಳಿಯವರ ಆ ತಲೆಯಾಡಿಸುವಿಕೆಯ ಅರ್ಥ ನಮಗೆ ಗೊತ್ತು. ಅದು ತಿಳಿಯಿತೆಂಬ ಗುರುತಲ್ಲ, ದೊಡ್ಡವರ ಎದುರಿಗೆ ಇಲ್ಲವೆನ್ನಬಾರದೆಂಬ ಮರ್ಯಾದೆ.

ಈಗಿನ ಪಾಠದಲ್ಲಿ ವಿದ್ಯಾರ್ಥಿಗೆ ಕಲಿಸುವದೇನಂದರೆ, ತಿಳಿಯಿತೋ ಎಂದು ಕೇಳಬೇಡ; ಮನೆಗೆ ಹೋದ ಮೇಲೆ ಹೆಂಡತಿಗೆ ಈ ಔಷಧಿಯ ವಿಷಯ ಏನೆಂದು ಹೇಳುವಿ ಎಂದು ಕೇಳು; ಅವನು ತನ್ನ ಸ್ವಂತ ಮಾತಿನಲ್ಲಿ ಹೇಳಿದರೆ ತಿಳಿಯಿತು, ಹೇಳದಿದ್ದರೆ ಕುಂದು ನಿನ್ನ ವಿವರಣೆಯದು, ಪುನಃ ಹೇಳು. ನಾವು ಉಪದೇಶಿಗಳು ಇದನ್ನು ಡಾಕ್ಟರರಿಗಿಂತ ಮೊದಲೇ ಬಲ್ಲವರು, ಯಾಕಂದರೆ ಪ್ರಶ್ನೋತ್ತರವನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ ಹುಡುಗನಿಗೆ, ಅದನ್ನೇ ನಿನ್ನ ಮಾತಿನಲ್ಲಿ ಹೇಳಪ್ಪಾ, ಅಂದರೆ ಅವನು ಛಾವಣಿಯ ಹಂಚುಗಳನ್ನು ಎಣಿಸಲಾರಂಭಿಸುವದನ್ನು ಪ್ರತಿ ಆದಿತ್ಯವಾರ ನೋಡುತ್ತೇವೆ.

ಹೇಳುವದಕ್ಕಿಂತ ಕೇಳುವದು ಕಷ್ಟ. ಹಳ್ಳಿಯ ಹೆಂಗಸು ಪರರ ಮುಂದೆ, ವಿಶೇಷವಾಗಿ ಗಂಡಸರ ಮುಂದೆ, ತನ್ನ ವ್ಯಾಧಿಯನ್ನು ನೇರವಾಗಿ ಹೇಳುವದಿಲ್ಲ. ಸುಸ್ತು ಅನ್ನುತ್ತಾಳೆ, ಸಂಕಟ ಅನ್ನುತ್ತಾಳೆ. ಈ ಸಂಕಟವೆಂಬ ಶಬ್ದವು ವಾಂತಿ ಬರುವಂತಾಗುವದಕ್ಕೂ ಸಲ್ಲುತ್ತದೆ, ಎದೆಯೊಳಗಿನ ಬೇಗೆಗೂ ಸಲ್ಲುತ್ತದೆ, ಕುಡುಕ ಗಂಡನ ಕೈಯಲ್ಲಿ ಪಡುವ ಯಾತನೆಗೂ ಸಲ್ಲುತ್ತದೆ; ಕೆಲವು ಸಾರಿ ಮೂರಕ್ಕೂ ಒಟ್ಟಿಗೆ. ಅವಸರವಾಗಿ ಕೇಳುವವನು ಮೊದಲನೆಯದನ್ನು ಬರಕೊಂಡು ಗುಳಿಗೆ ಕೊಡುವನು. ತುಸು ಸುಮ್ಮನಿದ್ದು, ಮತ್ತೇನಮ್ಮಾ, ಎಂದು ಕೇಳುವವನಿಗೆ ಮೂರನೆಯದು ಹೊರಡುವದು.

ಆದರೆ ವೈದ್ಯನು ಎಷ್ಟು ಹೊತ್ತು ಸುಮ್ಮನಿರುತ್ತಾನೆ? ಅಮೇರಿಕದ ಬೆಕ್‌ಮನ್, ಫ್ರಾಂಕೆಲ್ ಎಂಬ ಇಬ್ಬರು 74 ಭೇಟಿಗಳನ್ನು ಪರಿಶೋಧಿಸಿ 1984ರಲ್ಲಿ ಪ್ರಕಟಿಸಿದ ಪ್ರಕಾರ, ರೋಗಿಯು ಬಾಯಿ ತೆರೆದು ಸರಾಸರಿ 18 ಸೆಕೆಂಡುಗಳಾಗುವಷ್ಟರಲ್ಲಿ ವೈದ್ಯರು ಅಡ್ಡಮಾತು ಹಾಕಿದ್ದರು. ಬಿಟ್ಟರೆ ರೋಗಿಯು ಸಾಯಂಕಾಲದ ವರೆಗೂ ಹೇಳುತ್ತಾನೆಂಬದು ವೈದ್ಯರ ಭಯ. ಈ ಭಯವು ನಿಜವೋ ಎಂಬದನ್ನು ಬಾಸೆಲ್ ಪಟ್ಟಣದಲ್ಲಿ ಪರೀಕ್ಷಿಸಿದರು. 1815ರಲ್ಲಿ ಮಿಶನ್ ಹುಟ್ಟಿದ, 1834ರಲ್ಲಿ ಮಂಗಳೂರಿಗೆ ಪ್ರಥಮ ಮಿಶನೆರಿಗಳನ್ನು ಕಳುಹಿಸಿದ ಆ ಬಾಸೆಲನ್ನು ನಮ್ಮ ಸಭೆಗಳಿಗೆ ಪರಿಚಯಮಾಡಿಕೊಡುವ ಅಗತ್ಯವಿಲ್ಲ. ಅಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ರೋಗಿಯು ತಾನಾಗಿ ನಿಲ್ಲಿಸುವ ತನಕ ನಡುವೆ ಬಾಯಿ ಹಾಕಬಾರದೆಂದು ವೈದ್ಯರಿಗೆ ಹೇಳಿ, ಗುಪ್ತವಾಗಿ ಹೊತ್ತನ್ನು ಅಳೆದರು. 335 ಮಂದಿ ರೋಗಿಗಳು ಸರಾಸರಿ 92 ಸೆಕೆಂಡುಗಳಲ್ಲಿ ಮಾತು ಮುಗಿಸಿದರು. ನೂರಕ್ಕೆ 78 ಮಂದಿಗೆ 2 ನಿಮಿಷ ಸಾಕಾಯಿತು. 5 ನಿಮಿಷ ದಾಟಿದವರು ಏಳೇ ಮಂದಿ. 2002ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ನೋಡಿದರೆ, ಒಬ್ಬ ಮನುಷ್ಯನ ಸಂಕಟವೆಲ್ಲಾ ಒಂದು ಸಣ್ಣ ಪ್ರಾರ್ಥನೆಯಷ್ಟು ಹೊತ್ತಿನಲ್ಲಿ ಹೇಳಿ ತೀರುತ್ತದೆ!

ಆದರೂ ಸ್ವಿಟ್ಜರ್ಲೆಂಡಿನ 92 ಸೆಕೆಂಡುಗಳು ನಮ್ಮ ಜಿಲ್ಲಾ ಆಸ್ಪತ್ರೆಯ ಡಾಕ್ಟರರಿಗೆ ಹಾಸ್ಯವಾಗಿ ತೋರಿದರೆ ಅವರನ್ನು ದೂರಲಾರೆನು. ನಾನಾ ದೇಶಗಳಲ್ಲಿ ವೈದ್ಯನು ಒಬ್ಬ ರೋಗಿಗೆ ಕೊಡುವ ಸಮಯವನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ಪಟ್ಟಿಯಲ್ಲಿ ಸ್ವೀಡನಿಗೆ 22½ ನಿಮಿಷವಿದ್ದರೆ ನಮ್ಮ ದೇಶಕ್ಕೆ ಸುಮಾರು 2 ನಿಮಿಷ ಮಾತ್ರ. ಬಾಗಿಲಾಚೆ ಸಾಲಿನಲ್ಲಿ ಕೂಸುಗಳು ಅಳುತ್ತಿರುವಾಗ ಒಬ್ಬಳ ಕಥೆಯನ್ನೆಲ್ಲಾ ಕೇಳುವದು ಇತರರಿಗೆ ಮಾಡುವ ಅನ್ಯಾಯವಲ್ಲವೋ? ಇದು ಕಠಿಣವಾದ ಪ್ರಶ್ನೆ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ನಮ್ಮ ಕರ್ತನೇ ಇಂಥ ಪ್ರಶ್ನೆಯ ನಡುವೆ ನಿಂತದ್ದನ್ನು ಓದುತ್ತೇವೆ. ಯಾಯೀರನ ಮಗಳು ಸಾಯುತ್ತಿದ್ದಾಳೆ, ತಂದೆಯು ಅವಸರಪಡಿಸುತ್ತಿದ್ದಾನೆ, ಜನರು ನೂಕುತ್ತಿದ್ದಾರೆ. ಆಗ 12 ವರುಷ ವೈದ್ಯರಿಂದ ವೈದ್ಯರಿಗೆ ಅಲೆದು ಇದ್ದದ್ದನ್ನೆಲ್ಲಾ ಕಳಕೊಂಡ ಒಬ್ಬ ಸ್ತ್ರೀಯು ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟಿ ಗುಣವಾದಳು. ರೋಗವು ಹೋಯಿತು, ಕೆಲಸವು ಮುಗಿಯಿತು. ಆತನು ಹಾಗೆಯೇ ಮುಂದಕ್ಕೆ ನಡೆಯಬಹುದಾಗಿತ್ತು. ಆದರೆ ನಿಂತನು. ಅವಳು ನಡುಗುತ್ತಾ ಬಂದು ನಡೆದ ಸಂಗತಿಯನ್ನೆಲ್ಲಾ ಹೇಳಿ ಮುಗಿಸುವ ವರೆಗೂ ನಿಂತನು. ಅವಳ ಶರೀರಕ್ಕೆ ಬೇಕಾದದ್ದು ಮೊದಲೇ ಸಿಕ್ಕಿತ್ತು. 12 ವರುಷ ಯಾರೂ ಕೇಳದ ಮಾತು ಇನ್ನೂ ಅವಳೊಳಗೆ ಉಳಿದಿತ್ತು. ಯಾಯೀರನ ಮನೆಗೂ ಆತನು ಹೋದನು. ನಮ್ಮ ಡಾಕ್ಟರರಿಗೆ ಸತ್ತವರನ್ನು ಎಬ್ಬಿಸುವ ಶಕ್ತಿಯಿಲ್ಲವಾದದರಿಂದ ಸಾಲಿನಲ್ಲಿ ಯಾರನ್ನು ಮೊದಲು ನೋಡಬೇಕೆಂಬದನ್ನು ಅವರು ವಿವೇಕದಿಂದ ನಿರ್ಣಯಿಸಲೇಬೇಕು. ಸಾಲು ಉದ್ದವಾಗಿರುವದು ಡಾಕ್ಟರರ ಕೊರತೆಯಿಂದ. ಅದನ್ನು ನೀಗಿಸುವದು ಸರಕಾರದ ಕೆಲಸ. ಆದರೆ ಇರುವ 2 ನಿಮಿಷದಲ್ಲಿ ಮೊದಲನೆಯ ನಿಮಿಷವು ಯಾರ ಬಾಯಿಗೆ ಸೇರಬೇಕೆಂಬದು ಸರಕಾರದ ಕೈಯಲ್ಲಿಲ್ಲ.

ಈಗ ವೇಷದ ಪ್ರಶ್ನೆಗೆ ಬರೋಣ. ಹೋವರ್ಡ್ ಬ್ಯಾರೋಸ್ ಎಂಬ ನರರೋಗಗಳ ವೈದ್ಯನು 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಹೊಸ ಉಪಾಯವನ್ನು ಆರಂಭಿಸಿದನು. ಆರೋಗ್ಯವುಳ್ಳ ಒಬ್ಬ ಸ್ತ್ರೀಗೆ ನರರೋಗಿಯಂತೆ ನಟಿಸಲು ಕಲಿಸಿ, ವಿದ್ಯಾರ್ಥಿಗಳು ಅವಳನ್ನು ವಿಚಾರಿಸುವ ಹಾಗೆ ಮಾಡಿದನು. ಆಮೇಲೆ ಅವಳೇ ವಿದ್ಯಾರ್ಥಿಯ ನಡತೆಯ ವಿಷಯ ಹೇಳುವಳು. ಆಗ ಅನೇಕರು ಪರಿಹಾಸ್ಯಮಾಡಿದರೂ ಈಗ ಲೋಕದಲ್ಲೆಲ್ಲಾ ಈ ಕ್ರಮವು ಹಬ್ಬಿದೆ. ಪರೀಕ್ಷಕನು ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿರುತ್ತಾನೆ: ಹೆಸರು ಹೇಳಿ ನಮಸ್ಕರಿಸಿದನೋ, ಕುಳಿತು ಮಾತಾಡಿದನೋ, ಮುಖವನ್ನು ನೋಡಿದನೋ, ಅವಳು ಅತ್ತಾಗ ಸುಮ್ಮನಾದನೋ, ಒಂದೊಂದಕ್ಕೆ ಒಂದೊಂದು ಅಂಕ. ಹೀಗಿರಲಾಗಿ, ನಟಿಸುವ ರೋಗಿಯ ಮುಂದೆ ನಟಿಸುವ ವೈದ್ಯನು ಅಂಕಕ್ಕಾಗಿ ದುಃಖದ ಮುಖಮಾಡುತ್ತಾನೆಂದು ಹೇಳುವವರ ಮಾತನ್ನು ತಳ್ಳಿಬಿಡಲಾಗದು. ಸುವಾರ್ತೆಗಳಲ್ಲಿ ಕಪಟಿಗಳು ಎಂದು ನಾವು ಓದುವ ಕಡೆ ಗ್ರೀಕ್ ಭಾಷೆಯಲ್ಲಿರುವ ಹುಪೊಕ್ರಿತೇಸ್ ಎಂಬ ಶಬ್ದಕ್ಕೆ ನಾಟಕದಲ್ಲಿ ಪಾತ್ರಧರಿಸುವವನು ಎಂದೇ ಅರ್ಥವಿತ್ತು.

ಆದರೆ ಕಲಿತು ಮಾಡುವದೆಲ್ಲಾ ಕಪಟವಾದರೆ ನಮ್ಮಲ್ಲಿ ಉಳಿಯುವದೇನು? ಮನುಷ್ಯನ ಅಂತರಂಗಕ್ಕೆ ಪ್ರಾರ್ಥನೆಗಿಂತ ಹತ್ತಿರವಾದದ್ದು ಯಾವದು? ಅದನ್ನು ಕಲಿಸಬೇಕೆಂದು ಶಿಷ್ಯರು ಕೇಳಿದರೆಂದು ಲೂಕನು ಬರೆಯುತ್ತಾನೆ. ಅದು ಹೃದಯದಿಂದ ತಾನಾಗಿ ಉಕ್ಕಬೇಕು, ಕಲಿಸುವದಕ್ಕಾಗದು, ಎಂದು ಕರ್ತನು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ, ಮಾತುಗಳನ್ನೇ ಕೊಟ್ಟನು. ನಾವು ಆ ಮಾತುಗಳನ್ನು ಹಲವು ದಿವಸ ಬರೇ ಬಾಯಲ್ಲಿ ಹೇಳುತ್ತೇವೆ. ಒಂದು ದಿವಸ ಮಗನ ಶವದ ಬಳಿಯಲ್ಲಿ ಅದೇ ಮಾತುಗಳು ನಮ್ಮವಾಗುತ್ತವೆ. ಮೊದಲು ಬಾಯಲ್ಲಿ ಇರದಿದ್ದರೆ ಆ ದಿವಸ ಅವು ಎಲ್ಲಿಂದ ಬರುತ್ತಿದ್ದವು?

ಇದಕ್ಕಿಂತಲೂ ಮುಖ್ಯವಾದ ಒಂದು ಸಂಗತಿಯುಂಟು. ಕನಿಕರವನ್ನು ಕಲಿಸಬಹುದೋ ಎಂದು ಕೇಳುವವರು, ರೋಗಿಯ ಮಾತನ್ನು ಕೇಳುವದು ಕನಿಕರದ ಕೆಲಸವೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ನಾನು ಅದನ್ನು ಒಪ್ಪಲಾರೆನು. ಅದು ಸಾಲ ತೀರಿಸುವ ಕೆಲಸ. ಸಂತೆಯಲ್ಲಿ ಜೋಳ ಅಳೆಯುವವನು ಕೊಳ್ಳುವವನ ಮೇಲೆ ಪ್ರೀತಿಯುಳ್ಳವನಾಗಿದ್ದಾನೋ ಎಂದು ನಾವು ವಿಚಾರಿಸುವದಿಲ್ಲ. ಸೇರು ಸರಿಯಾಗಿದೆಯೋ ಎಂದು ನೋಡುತ್ತೇವೆ. ಸೇರು ಕಡಿಮೆಯಾದರೆ ಅವನು ಕನಿಕರವಿಲ್ಲದವನೆನ್ನದೆ ಕಳ್ಳನೆನ್ನುತ್ತೇವೆ. ಹಾಗೆಯೇ ರೋಗಿಯ ನೋವು, ಅವನ ಭಯ, ತನ್ನ ರೋಗದ ವಿಷಯ ಅವನಿಗಿರುವ ಊಹೆ ಇವು ಅವನ ಸ್ವತ್ತು. ಅವನ್ನು ಪೂರಾ ಕೇಳದೆ ಅವನ ಶರೀರದ ಮೇಲೆ ತೀರ್ಮಾನ ಮಾಡುವವನು ಸೇರಿನಲ್ಲಿ ಕಡಿಮೆ ಅಳೆದವನಾಗುತ್ತಾನೆ. ಇದನ್ನು ದಯೆಯೆಂದು ಕರೆದರೆ ವೈದ್ಯನು ಭಿಕ್ಷೆ ಕೊಡುವವನೂ ರೋಗಿಯು ಭಿಕ್ಷುಕನೂ ಆಗುವರು. ಭಿಕ್ಷೆಯು ಮನಸ್ಸಿದ್ದ ದಿವಸ ಮಾತ್ರ ಸಿಕ್ಕೀತು. ಸಾಲವನ್ನು ಮನಸ್ಸಿಲ್ಲದ ದಿವಸವೂ ತೀರಿಸಬೇಕು. ಪ್ರೀತಿಯೇ ತೀರದ ಸಾಲವೆಂಬ ಭಾವದಿಂದ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದದ್ದನ್ನು ನಾವು ಬಲ್ಲೆವು. ಸಾಲವಾದ ಮೇಲೆ ಅದನ್ನು ಕಲಿಸಬಹುದು, ಅಳೆಯಬಹುದು, ಪರೀಕ್ಷೆಯಲ್ಲಿಯೂ ಕೇಳಬಹುದು. ವಿದ್ಯಾರ್ಥಿಯ ಕಣ್ಣು ಪರೀಕ್ಷಕನ ಪಟ್ಟಿಯ ಮೇಲಿತ್ತೋ ರೋಗಿಯ ಮೇಲಿತ್ತೋ ಎಂಬದನ್ನು ಯಾವ ಪರೀಕ್ಷೆಯೂ ಕಾಣಲಾರದು. ಅದು ಅಂತರಂಗವನ್ನು ನೋಡುವಾತನಿಗೆ ಬಿಟ್ಟದ್ದು. ರೋಗಿಗಂತೂ ತನಗೆ ಸಲ್ಲತಕ್ಕದ್ದು ಸಂದಿತು.

ಈ ಸಾಲದಲ್ಲಿ ಅತಿ ಕಠಿಣವಾದ ಭಾಗವು ಸತ್ಯ ಹೇಳುವದು. ನಮ್ಮ ನಾಡಿನಲ್ಲಿ ಕ್ಯಾನ್ಸರಿನಂಥ ರೋಗವೆಂದು ತಿಳಿದ ಕೂಡಲೇ ಮನೆಯವರು ಡಾಕ್ಟರರನ್ನು ಪಡಸಾಲೆಗೆ ಕರೆದು, ಅವರಿಗೆ ಮಾತ್ರ ಹೇಳಬೇಡಿರಿ, ಎಂದು ಕೈಮುಗಿಯುತ್ತಾರೆ. ಇದು ಪ್ರೀತಿಯಿಂದ ಬರುವ ಮಾತು, ಹೀಯಾಳಿಸತಕ್ಕದ್ದಲ್ಲ. ಆದರೂ ನೋಡಿರಿ, ಆಮೇಲೆ ಮನೆಯೆಲ್ಲಾ ನಾಟಕವಾಗುತ್ತದೆ. ಹೊರಗೆ ಅತ್ತವರು ಒಳಗೆ ನಕ್ಕು ಬರುತ್ತಾರೆ. ವೈದ್ಯ ವಿದ್ಯಾರ್ಥಿಗಳ ಮೇಲೆ ನಾವು ಹೊರಿಸಿದ ವೇಷವು ಇಲ್ಲಿ ನಮ್ಮ ಮೈಮೇಲೆಯೇ ಇದೆ. ಅಮೇರಿಕದ ಟೆಕ್ಸಾಸ್ ಸೀಮೆಯ ಬೇಯ್ಲ್ ಎಂಬವನೂ ಅವನ ಸಂಗಡಿಗರೂ 2000ನೇ ಇಸವಿಯಲ್ಲಿ ಕೆಟ್ಟ ಸುದ್ದಿ ಹೇಳುವದಕ್ಕೆ ಆರು ಮೆಟ್ಟಲುಗಳ ಒಂದು ಕ್ರಮವನ್ನು ಬರೆದರು. ಈಗ ಬಹಳ ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದೇನಂದರೆ, ಹೇಳುವದಕ್ಕೆ ಮೊದಲು ಎರಡು ಪ್ರಶ್ನೆಗಳಿವೆ: ನಿಮ್ಮ ರೋಗದ ವಿಷಯ ನಿಮಗೆ ಏನು ತೋರುತ್ತದೆ? ಎಷ್ಟರ ಮಟ್ಟಿಗೆ ತಿಳಿಯಲಿಕ್ಕೆ ಇಷ್ಟಪಡುತ್ತೀರಿ? ತಿಳಿಯುವದು ಬೇಡವೆನ್ನುವವನಿಗೆ ಹಾಗೆನ್ನುವ ಅಧಿಕಾರವೂ ಉಂಟು. ಸತ್ಯವು ರೋಗಿಯ ಸ್ವತ್ತಾದರೂ ಅದನ್ನು ತಲೆಯ ಮೇಲೆ ಎತ್ತಿಹಾಕಬಾರದು. ಬಾಗಿಲಲ್ಲಿ ನಿಂತು ತರಬಹುದೋ ಎಂದು ಕೇಳಬೇಕು.

ನಮ್ಮ ಸಭೆಯ ಹಿರಿಯರೊಬ್ಬರು ಹೊಟ್ಟೆಯ ಕ್ಯಾನ್ಸರಿನಿಂದ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದಾಗ ನಾನು ಮಂಚದ ಹತ್ತಿರವಿದ್ದೆನು. ಮಕ್ಕಳು ಡಾಕ್ಟರರಿಂದ ಮಾತು ತಕ್ಕೊಂಡಾಗಿತ್ತು. ಕಲಿಯುತ್ತಿದ್ದ ಒಬ್ಬ ಹುಡುಗಿಯು ಸ್ಟೂಲನ್ನು ಎಳೆದು ಕೂತು, ಅಜ್ಜಾ, ನಿಮ್ಮ ಬೇನೆಯ ವಿಷಯ ನಿಮಗೇನು ಅನಿಸುತ್ತದೆ, ಎಂದು ಕೇಳಿದಳು. ಪಾಠದ ಪ್ರಶ್ನೆಯೇ, ಕಲಿತದ್ದನ್ನು ಒಪ್ಪಿಸುವ ಸ್ವರದಲ್ಲಿಯೇ ಕೇಳಿದಳು. ಆ ಮುದುಕರು ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ನೋಡಿ, ಅವ್ವಾ, ಇದು ಏಳುವ ಬೇನೆಯಲ್ಲವೆಂದು ನನಗೆ ಹದಿನೈದು ದಿವಸದಿಂದ ಗೊತ್ತು, ಹುಡುಗರಿಗೆ ಮಾತ್ರ ಹೇಳಬೇಡ, ಅವರು ತಾಳುವದಿಲ್ಲ, ಅಂದರು. ಅದೇ ಸಾಯಂಕಾಲ ತಂದೆಯೂ ಮಕ್ಕಳೂ ಒಬ್ಬರಿಗೊಬ್ಬರು ಮರೆಮಾಡುವದನ್ನು ಬಿಟ್ಟರು. ಹೊಲದ ಬದುವಿನ ವಿಷಯ ಎಷ್ಟೋ ವರುಷದಿಂದ ಮಾತು ಬಿಟ್ಟಿದ್ದ ತಮ್ಮನನ್ನು ಕರಿಸಿದರು, ಅವನು ಬಂದನು. ಉಳಿದ ಮೂರು ವಾರವನ್ನು ಅವರು ತಮ್ಮ ಮನಸ್ಸಿನಂತೆ ಮನೆಯಲ್ಲಿಯೇ ಕಳೆದರು.

ಪಾಠವಿದ್ದರೆ ಸಾಕೆಂದು ಇದರಿಂದ ತಿಳಿಯಬಾರದು. ಫಿಲಡೆಲ್ಫಿಯದ ಜೆಫರ್ಸನ್ ವೈದ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರುಷ ವರುಷಕ್ಕೆ ಅಳೆದು ನೋಡಿ 2009ರಲ್ಲಿ ಪ್ರಕಟಿಸಿದ ಪ್ರಕಾರ, ಅದು ಮೂರನೆಯ ವರುಷದಲ್ಲಿ, ಅಂದರೆ ಅವರು ಪುಸ್ತಕ ಬಿಟ್ಟು ರೋಗಿಗಳ ನಡುವೆ ಬಂದಾಗಲೇ, ಇಳಿಯಿತು. ಎಂಥಾ ವಿಪರೀತ! ನಿದ್ದೆಗೆಟ್ಟ ರಾತ್ರಿಗಳೂ ಕೆಲಸದ ಭಾರವೂ ಕಾರಣವಿರಬಹುದು. ದೊಡ್ಡವರ ನಡತೆಯೂ ಕಾರಣವೆಂದು ನನ್ನ ಎಣಿಕೆ. ಸಂಭಾಷಣೆಯ ಪಾಠದಲ್ಲಿ ನೂರಕ್ಕೆ ನೂರು ಪಡೆದ ಹುಡುಗನ ಮುಂದೆ ಅವನ ಗುರುವು ರೋಗಿಯ ಹೆಸರನ್ನೂ ಕೇಳದೆ, ಮೂರನೆಯ ಹಾಸಿಗೆಯ ಪಿತ್ತಕೋಶ, ಎಂದು ಕರೆದು ನಡೆದರೆ ಹುಡುಗನು ಕಲಿಯುವದು ಯಾವ ಪಾಠವನ್ನು? ನಮ್ಮ ಆದಿತ್ಯವಾರದ ಶಾಲೆಗಳಿಗೂ ಮಕ್ಕಳ ಮನೆಗಳಿಗೂ ನಡುವೆ ಇದೇ ತೊಂದರೆಯುಂಟೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಯಾಕಂದರೆ ಈ ಪಾಠದ ಒಂದು ಭಾಗವು ನಮ್ಮ ಬಾಗಿಲಿಗೇ ಬಂದಿದೆ. 2022ರಿಂದ ವೈದ್ಯಕೀಯ ಆಯೋಗದ ಅಪ್ಪಣೆಯ ಮೇರೆಗೆ, ವಿದ್ಯಾರ್ಥಿಗಳು ಮೊದಲನೆಯ ವರುಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತಕ್ಕೆ ತಕ್ಕೊಂಡಂತೆ ತಕ್ಕೊಂಡು, ವರುಷಗಟ್ಟಲೆ ಅವರ ಕ್ಷೇಮವನ್ನು ವಿಚಾರಿಸಬೇಕಾಗಿದೆ. ಕಾಲೇಜಿನ ಬಸ್ಸು ಬಂದು ದೇವಾಲಯದ ಮುಂದೆಯೋ ಪಂಚಾಯತಿ ಕಟ್ಟೆಯ ಬಳಿಯೋ ನಿಂತರೆ ಇವರೇ ಎಂದು ತಿಳಿಯಿರಿ. ಇವರಿಗೆ ಚಹಾ ಕೊಟ್ಟು, ನಾವೆಲ್ಲಾ ಸುಖವಾಗಿದ್ದೇವೆ, ಎಂದು ಹೇಳಿ ಕಳುಹಿಸುವದು ನಮ್ಮ ವಾಡಿಕೆಯ ಮರ್ಯಾದೆ. ಆ ಮರ್ಯಾದೆಯಿಂದ ಅವರೇನೂ ಕಲಿಯಲಾರರು. ಕುಡಿಯುವ ನಾಟಿ ಕಷಾಯವನ್ನೂ ನಿಲ್ಲಿಸಿಬಿಟ್ಟ ಗುಳಿಗೆಯನ್ನೂ ಮುಚ್ಚಿಡದೆ ಹೇಳಿರಿ. ಹೆಂಗಸರು ಹೇಳುವಾಗ ಗಂಡಸರು ನಡುವೆ ಉತ್ತರ ಕೊಡದೆ ಅಂಗಳಕ್ಕೆ ಹೋಗಿರಿ. ಬಂದವರಲ್ಲಿ ಹಲವರು ಪರರಾಜ್ಯದ ಮಕ್ಕಳು. ಕಾಲೇಜಿಗೆ ಸೇರಿದ ಮೊದಲ ದಿವಸಗಳಲ್ಲಿ ಅವರಿಗೆ ಸ್ಥಳದ ಭಾಷೆಯನ್ನು ಸ್ವಲ್ಪ ಕಲಿಸುತ್ತಾರಾದರೂ ಅದು ಊರು, ಹೆಸರು, ವಯಸ್ಸು ಕೇಳುವಷ್ಟೇ ಆಗಿರುತ್ತದೆ. ಸಂಕಟ ಎಂದರೇನೆಂದು ಅವರು ಕೇಳಿದರೆ, ಮೂರು ಅರ್ಥಗಳನ್ನೂ ಹೇಳಿಕೊಡಿರಿ.